ಮಂಡಿ ಜಾರಿದ್ದೋ, ಚಿಪ್ಪು ಜಾರಿದ್ದೋ? ಎಸ್83 ಚಾರ್ಟ್ ವಾಪಸ್ ಬಂದಿದೆ, ದಾರಿ ಹೇಳಿ

ರಾತ್ರಿಪಾಳಿ ಮೈಸೂರು | ಮಂಗಳವಾರ, ಬೆಳಗಿನ ಜಾವ 4:10

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಒಳರೋಗಿ ಚಾರ್ಟ್‌ಗಳಿಗೆ ಕೋಡ್, ಅಂದರೆ ರೋಗ, ಗಾಯಗಳನ್ನು ಗುರುತಿಸುವ ಐಸಿಡಿ-10-ಸಿಎಂ ಪಟ್ಟಿಯ ಸಂಖ್ಯೆ, ಹಾಕುವ ಕೆಲಸ ನನ್ನದು. ಎರಡು ವರ್ಷವಾಯಿತು. ನಿನ್ನೆ ನನ್ನದೊಂದು ಚಾರ್ಟ್ ಆಡಿಟ್‌ನಿಂದ ವಾಪಸ್ ಬಂತು, ಮೂರು ತಪ್ಪು ಗುರುತಾಗಿವೆ. ತಪ್ಪು ಎಂದು ಬರೆದಿದ್ದಾರೆ, ಏಕೆ ಎಂದು ಬರೆದಿಲ್ಲ. ಶಿಫ್ಟ್ ಮುಗಿದರೂ ನಿದ್ದೆ ಬರುತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ರೋಗಿಯ ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಬೈಕ್ ಸವಾರ, ಕಾರಿಗೆ ಡಿಕ್ಕಿ. ಮೊದಲು ಸಣ್ಣ ಆಸ್ಪತ್ರೆ, ಅಲ್ಲಿಂದ ದೊಡ್ಡ ಟ್ರಾಮಾ ಸೆಂಟರ್. ಚಾರ್ಟ್‌ನಲ್ಲಿ ಇರುವುದು ಇಷ್ಟು:

ಟ್ರಯಾಜ್ ನರ್ಸ್ ಬರೆದದ್ದು, ಎಡಗಾಲಿನ ಮಂಡಿಚಿಪ್ಪು ಜಾರಿದೆ ಎಂದು. ಸಣ್ಣ ಆಸ್ಪತ್ರೆಯ ಎಕ್ಸ್-ರೇ ರಿಪೋರ್ಟ್‌ನಲ್ಲಿ, ತೊಡೆಮೂಳೆಯ ಕೆಳತುದಿ ಟಿಬಿಯಾಕ್ಕಿಂತ (ಮಂಡಿಯ ಕೆಳಗಿನ ದಪ್ಪ ಮೂಳೆ) ಮುಂದಕ್ಕೆ ಬಂದಿದೆ ಎಂದು. ಟ್ರಾಮಾ ಸೆಂಟರಿನ ಆರ್ಥೋ ಸರ್ಜನ್ ಬರೆದದ್ದು, ಎಡ ಮಂಡಿ ಡಿಸ್‌ಲೊಕೇಶನ್ (ಕೀಲು ಪೂರ್ತಿ ತಪ್ಪಿದ್ದು), ಇಲ್ಲಿಗೆ ಬರುವ ಮೊದಲೇ ಕೂರಿಸಲಾಗಿದೆ, ಎಸಿಎಲ್, ಪಿಸಿಎಲ್ ಮತ್ತು ಹೊರಬದಿಯ ಕೊಲ್ಯಾಟರಲ್ ಎಂಬ ಲಿಗಮೆಂಟ್‌ಗಳು, ಅಂದರೆ ಮಂಡಿಯ ಮೂಳೆಗಳನ್ನು ಹಿಡಿದಿಡುವ ಪಟ್ಟಿಗಳು, ಹರಿದಿವೆ. ಸಿಟಿ ಆಂಜಿಯೋದಲ್ಲಿ (ರಕ್ತನಾಳದ ಸ್ಕ್ಯಾನ್) ಮಂಡಿಯ ಹಿಂದಿನ ಪಾಪ್ಲಿಟಿಯಲ್ ಅಪಧಮನಿಯ ಒಳಪದರ ಸೀಳಿದೆ. ವ್ಯಾಸ್ಕ್ಯುಲರ್ ಸರ್ಜನ್ ಸಿರೆಯ ಗ್ರಾಫ್ಟ್ ಹಾಕಿ ರಿಪೇರಿ ಮಾಡಿದ್ದಾರೆ, ಜೊತೆಗೆ ಫ್ಯಾಶಿಯಾಟಮಿ, ಅಂದರೆ ಸ್ನಾಯುಗಳ ಹೊದಿಕೆ ಬಿಡಿಸುವ ಆಪರೇಷನ್. ಪೆರೋನಿಯಲ್ ನರಕ್ಕೆ ಗಾಯವಾಗಿ ಪಾದ ಎತ್ತಲು ಆಗುತ್ತಿಲ್ಲ ಎಂದೂ ಡಿಸ್ಚಾರ್ಜ್ ಸಮರಿಯಲ್ಲಿದೆ.

ನಾನು ಮೊದಲ ಸ್ಥಾನದಲ್ಲಿ ಎಸ್83.115ಎ (ಎಡ ಮಂಡಿ, ಮುಂದಕ್ಕೆ ಜಾರಿದ್ದು) ಹಾಕಿದೆ. ಆಮೇಲೆ ಲಿಗಮೆಂಟ್‌ಗಳು, ಕೊನೆಯಲ್ಲಿ ಅಪಧಮನಿ, ನರ, ಫ್ಯಾಶಿಯಾಟಮಿ ಮಾಡಿದ್ದಾರೆಂದು ಕಂಪಾರ್ಟ್‌ಮೆಂಟ್ ಸಿಂಡ್ರೋಮಿನ (ಊದಿದ ಸ್ನಾಯುಗಳೊಳಗೆ ಒತ್ತಡ ಏರುವುದು) ಟಿ79.ಎ22ಎ. ಎಲ್ಲಿ ಎಡವಿದೆ?

ಹೊಸ ಕಲಿಕೆ | ಮಂಗಳವಾರ, ಬೆಳಿಗ್ಗೆ 7:35

ನಾನಿನ್ನೂ ಸಿಪಿಸಿ ಎಂಬ ಕೋಡಿಂಗ್ ಪರೀಕ್ಷೆಗೆ ಓದುತ್ತಿದ್ದೇನೆ, ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಎಡಗಾಲು ಅಂದರೆ ಆರನೇ ಅಂಕಿ 2 ಅಲ್ಲವಾ? ಎಲ್ಲ ಕಡೆ 1 ಬಲ, 2 ಎಡ ಎಂದು ಹೇಳಿಕೊಟ್ಟಿದ್ದಾರೆ. ಇಲ್ಲಿ 5 ಏಕೆ?

ಹಳೇ ಕೋಡರ್ | ಮಂಗಳವಾರ, ಬೆಳಿಗ್ಗೆ 9:02

ಮೊದಲು ಹೊಸ ಕಲಿಕೆಯವರಿಗೆ, ಯಾಕೆಂದರೆ ಈ ಪ್ರಶ್ನೆ ಕೇಳದೆ ಮುಂದೆ ಹೋದವರು ವರ್ಷಗಟ್ಟಲೆ ತಪ್ಪು ಕೋಡ್ ಹಾಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಸ್83.0 ಮತ್ತು ಎಸ್83.1 ಎರಡರಲ್ಲೂ ಆರನೇ ಅಂಕಿಗೆ ಎರಡು ಕೆಲಸ. 1, 2, 3 ಅಂದರೆ ಸಬ್‌ಲಕ್ಸೇಶನ್: ಬಲ, ಎಡ, ಯಾವ ಕಾಲೆಂದು ಬರೆದಿಲ್ಲ. 4, 5, 6 ಅಂದರೆ ಪೂರ್ತಿ ಡಿಸ್‌ಲೊಕೇಶನ್, ಮತ್ತೆ ಅದೇ ಕ್ರಮದಲ್ಲಿ. ಅಭ್ಯಾಸಬಲದಿಂದ 2 ಒತ್ತಿದರೆ, ಕೀಲು ಪೂರ್ತಿ ತಪ್ಪಿ ಕಾಲೇ ಹೋಗುವ ಸ್ಥಿತಿಯಲ್ಲಿದ್ದವನಿಗೆ ಕೀಲು ಸ್ವಲ್ಪ ಸರಿದಿತ್ತು ಎಂದು ಬರೆದ ಹಾಗಾಗುತ್ತದೆ. ಸಾಫ್ಟ್‌ವೇರ್ ಇದಕ್ಕೆ ಎಚ್ಚರಿಕೆ ಕೊಡುವುದಿಲ್ಲ, ಏಕೆಂದರೆ ಎರಡೂ ಸರಿಯಾದ ಕೋಡ್‌ಗಳೇ.

ಇನ್ನು ಮೈಸೂರಿನವರ ಚಾರ್ಟ್. ಕಾಲು ಎಡ, ಪೂರ್ತಿ ಡಿಸ್‌ಲೊಕೇಶನ್, 5 ಸರಿ. ಟ್ರಯಾಜ್ ನರ್ಸ್ ಬರೆದ ಚಿಪ್ಪನ್ನು ಬಿಟ್ಟು ಸರ್ಜನ್ ಬರೆದ ಮಂಡಿಯನ್ನು ಹಿಡಿದದ್ದೂ ಸರಿ. ಎಷ್ಟೋ ಜನ ಅಲ್ಲೇ ಎಸ್83.0ಗೆ ಹೋಗಿಬಿಡುತ್ತಿದ್ದರು. ತಪ್ಪಿದ್ದು ಐದನೇ ಅಂಕಿಯಲ್ಲಿ.

ಎಸ್83.11 ಎಂದರೆ ಟಿಬಿಯಾದ ಮೇಲ್ತುದಿ ಮುಂದಕ್ಕೆ ಹೋದದ್ದು. ಎಸ್83.12 ಹಿಂದಕ್ಕೆ, ಎಸ್83.13 ಒಳಬದಿಗೆ, ಎಸ್83.14 ಹೊರಬದಿಗೆ. ಲೆಕ್ಕವೆಲ್ಲ ಟಿಬಿಯಾದ್ದು. ನಿಮ್ಮ ಎಕ್ಸ್-ರೇ ರಿಪೋರ್ಟ್ ಹೇಳುತ್ತಿರುವುದು ತೊಡೆಮೂಳೆ ಮುಂದಕ್ಕೆ ಬಂದಿದೆ ಎಂದು. ತೊಡೆಮೂಳೆ ಮುಂದಕ್ಕೆ ಬಂದರೆ ಟಿಬಿಯಾ ಹಿಂದಕ್ಕೆ ಹೋಯಿತು ಎಂದೇ ಅರ್ಥ. ಟ್ಯಾಬ್ಯುಲರ್ (ಕೋಡ್‌ಗಳ ಕ್ರಮಪಟ್ಟಿ) ತೆಗೆದು ಎಸ್83.12ರ ಕೆಳಗಿನ ಸಣ್ಣ ಸಾಲನ್ನು ಓದಿ: ತೊಡೆಮೂಳೆಯ ಕೆಳತುದಿಯ ಮುಂದಿನ ಡಿಸ್‌ಲೊಕೇಶನ್ ಎಂದು ಅಲ್ಲೇ ಬರೆದಿದ್ದಾರೆ. ನೀವು "ಮುಂದಕ್ಕೆ" ಎಂಬ ಪದ ಹಿಡಿದುಕೊಂಡಿರಿ, ಯಾವ ಮೂಳೆ ಎಂದು ನೋಡಲಿಲ್ಲ.

ಆದರೆ ಇಷ್ಟಕ್ಕೇ ಎಸ್83.125ಎ ಹಾಕಿಬಿಡಬೇಡಿ. ಆ ರಿಪೋರ್ಟ್ ಬೇರೆ ಆಸ್ಪತ್ರೆಯದು. ನಿಮ್ಮದು ಒಳರೋಗಿ ಚಾರ್ಟ್. ಈ ದಾಖಲಾತಿಯಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರು ದಿಕ್ಕು ಬರೆದಿಲ್ಲ. ಹಾಗಾದರೆ ಇರುವುದು ಎರಡೇ ದಾರಿ: ದಿಕ್ಕು ಹೇಳದ ಎಸ್83.105ಎ ಹಾಕುವುದು, ಇಲ್ಲವೇ ವೈದ್ಯರಿಗೆ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಲಿಖಿತ ಪ್ರಶ್ನೆ, ಕಳಿಸುವುದು. ಕ್ವೆರಿ ಕಳಿಸಿ ಎನ್ನುತ್ತೇನೆ ನಾನು.

ಮೂಳೆ ಡಾಕ್ಟರ್ | ಮಂಗಳವಾರ, ಮಧ್ಯಾಹ್ನ 2:20

ನಾನು ಕೋಡ್ ಬಲ್ಲವನಲ್ಲ, ಆರ್ಥೋ ವಿಭಾಗದಲ್ಲಿ ಕೆಲಸ ಮಾಡುವವನು. ಆದರೆ ಚಿಪ್ಪು ಮತ್ತು ಮಂಡಿ ಒಂದೇ ಎಂದುಕೊಂಡವರಿಗಾಗಿ ಬರೆಯಲೇಬೇಕು.

ನಮ್ಮ ಒಪಿಡಿಗೆ ಬರುವವರು ಎರಡಕ್ಕೂ "ಮಂಡಿ ಜಾರಿತು ಸಾರ್" ಎಂದೇ ಹೇಳುವುದು. ಚಿಪ್ಪು ಜಾರುವುದು ಹೆಚ್ಚಾಗಿ ಹದಿಹರೆಯದವರಲ್ಲಿ. ಕಾಲು ನೆಲಕ್ಕೂರಿ ಮೈ ತಿರುಗಿಸಿದಾಗ ಚಿಪ್ಪು ಹೊರಬದಿಗೆ ಸರಿದು ಪಕ್ಕದಲ್ಲಿ ಉಬ್ಬಿ ಕೂರುತ್ತದೆ. ಮಂಡಿಯನ್ನು ಮೆಲ್ಲಗೆ ನೇರ ಮಾಡಿದರೆ ಬಹಳಷ್ಟು ಸಲ ತಾನೇ ವಾಪಸ್ ಬರುತ್ತದೆ. ನೋವು ಜಾಸ್ತಿ, ಅಪಾಯ ಕಡಿಮೆ.

ಮಂಡಿ ಜಾರುವುದೆಂದರೆ ತೊಡೆಮೂಳೆ ಮತ್ತು ಟಿಬಿಯಾ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಬೇರೆಯಾಗುವುದು. ಅದಾಗಬೇಕಾದರೆ ಮಂಡಿಯನ್ನು ಹಿಡಿದಿಟ್ಟ ಲಿಗಮೆಂಟ್‌ಗಳಲ್ಲಿ ಎರಡು ಮೂರಾದರೂ ಹರಿಯಬೇಕು. ಮಂಡಿಯ ಹಿಂದೆ ಪಾಪ್ಲಿಟಿಯಲ್ ಅಪಧಮನಿ ಇದೆಯಲ್ಲ, ಅದು ಮೇಲೆ ತೊಡೆಯ ಸ್ನಾಯುವಿನ ಸಂದಿನಲ್ಲೂ ಕೆಳಗೆ ಮೀನಖಂಡದ ಸ್ನಾಯುವಿನ ಕಮಾನಿನಲ್ಲೂ ಬಿಗಿಯಾಗಿ ಹಿಡಿದಿರುತ್ತದೆ. ಎರಡು ಗೂಟಕ್ಕೆ ಬಿಗಿದು ಕಟ್ಟಿದ ಹಗ್ಗದ ಹಾಗೆ. ನಡುವೆ ಮೂಳೆ ಸರಿದರೆ ಹಗ್ಗಕ್ಕೆ ಬಗ್ಗಲು ಜಾಗವಿಲ್ಲ, ಎಳೆದು ಸೀಳುತ್ತದೆ. ರಕ್ತ ನಿಂತ ಕಾಲಿಗೆ ಉಳಿದಿರುವುದು ಆರರಿಂದ ಎಂಟು ಗಂಟೆ. ಅಷ್ಟರೊಳಗೆ ಹರಿವು ಮರಳದಿದ್ದರೆ ಕಾಲು ತೆಗೆಯಬೇಕಾಗುವ ಸಾಧ್ಯತೆ ವಿಪರೀತ ಏರುತ್ತದೆ.

ಇನ್ನೂ ಒಂದು. ಬಹಳಷ್ಟು ಮಂಡಿಗಳು ಆಸ್ಪತ್ರೆಗೆ ಬರುವ ಮೊದಲೇ ತಾವಾಗಿ ಕೂತುಬಿಡುತ್ತವೆ, ಇಲ್ಲವೇ ಜೊತೆಗಿದ್ದವರು ಎಳೆದು ಕೂರಿಸಿರುತ್ತಾರೆ. ನಮ್ಮ ಕಡೆ ಕಟ್ಟು ಕಟ್ಟಿಸಿಕೊಂಡೇ ಬರುವವರೂ ಇದ್ದಾರೆ. ಎಕ್ಸ್-ರೇ ತೆಗೆದರೆ ಎಲ್ಲ ಸರಿಯಾಗಿ ಕಾಣುತ್ತದೆ. ಊದಿದ ಮಂಡಿ, "ಉಳುಕು" ಎಂದು ಬರೆದು ಕಳಿಸಿದರೆ ಮುಗಿಯಿತು. ಒಳಪದರ ಮಾತ್ರ ಸೀಳಿದ್ದರೆ ಮೊದಮೊದಲು ಪಾದದ ನಾಡಿಯೂ ಸಿಗುತ್ತದೆ. ಗಂಟೆಗಳು ಕಳೆದ ಮೇಲೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಒಂದು ಸಲ ನಾಡಿ ನೋಡಿ ಸುಮ್ಮನಾಗಬಾರದು. ಪಾದದ ಮತ್ತು ತೋಳಿನ ರಕ್ತದೊತ್ತಡ ಹೋಲಿಸುವ ಸೂಚ್ಯಂಕ 0.9ಕ್ಕಿಂತ ಕೆಳಗಿದ್ದರೆ ಸಿಟಿ ಆಂಜಿಯೋಗೆ ಕಳಿಸಬೇಕು.

ದಿಕ್ಕಿನ ಬಗ್ಗೆ: ಮಂಡಿ ಮಡಿಸಿದ್ದಾಗ ಟಿಬಿಯಾಕ್ಕೆ ಮುಂದಿನಿಂದ ಪೆಟ್ಟು ಬಿದ್ದರೆ ಹಿಂದಕ್ಕೆ ಹೋಗುತ್ತದೆ, ಕಾರಿನ ಡ್ಯಾಶ್‌ಬೋರ್ಡ್ ಗಾಯ ಎನ್ನುತ್ತಾರಲ್ಲ, ಅದು. ಮಂಡಿ ಅತಿಯಾಗಿ ಹಿಂದಕ್ಕೆ ಬಾಗಿದರೆ ಟಿಬಿಯಾ ಮುಂದಕ್ಕೆ. ಹಾಗಾಗಿ ಅಪಘಾತದ ವಿವರ ನೋಡಿಯೇ ದಿಕ್ಕು ಊಹಿಸಬಹುದು.

ಹಳೇ ಕೋಡರ್ | ಮಂಗಳವಾರ, ಮಧ್ಯಾಹ್ನ 3:05

ಡಾಕ್ಟರ್, ನೀವು ಊಹಿಸಬಹುದು. ಅದು ನಿಮ್ಮ ವಿದ್ಯೆ, ಸಹಿಯೂ ನಿಮ್ಮದೇ. ನಾವು ಊಹಿಸುವಂತಿಲ್ಲ. ನೀವು ಬರೆದದ್ದನ್ನು ಅಂಕಿಗೆ ಇಳಿಸುವುದಷ್ಟೇ ನಮ್ಮ ಹಕ್ಕು. ನೀವು ಮನಸ್ಸಿನಲ್ಲಿ ಊಹಿಸಿ ಕಾಗದದಲ್ಲಿ ಬರೆಯದಿದ್ದರೆ ನಮ್ಮ ಪಾಲಿಗೆ ಆ ದಿಕ್ಕು ಇಲ್ಲವೇ ಇಲ್ಲ. ದಯವಿಟ್ಟು ಆ ಒಂದು ಪದ ಬರೆಯಿರಿ.

ಮೂಳೆ ಡಾಕ್ಟರ್ | ಮಂಗಳವಾರ, ಮಧ್ಯಾಹ್ನ 3:30

ಒಪ್ಪಿದೆ. ನಿಜ ಹೇಳಬೇಕೆಂದರೆ ನಾವು ಯಾವ ಲಿಗಮೆಂಟ್‌ಗಳು ಹೋದವು ಎಂಬ ವರ್ಗೀಕರಣವನ್ನೇ ಹೆಚ್ಚು ಬರೆಯುತ್ತೇವೆ. ಕೆಡಿ ಒಂದರಿಂದ ಐದರವರೆಗೆ ಶೆಂಕ್ ವರ್ಗೀಕರಣ, ಅಪಧಮನಿಗೆ ಸಿ, ನರಕ್ಕೆ ಎನ್ ಸೇರಿಸಿ. ಮೈಸೂರಿನವರ ರೋಗಿ ನನ್ನ ಲೆಕ್ಕದಲ್ಲಿ ಕೆಡಿ ಮೂರು, ಹೊರಬದಿ, ಸಿ ಮತ್ತು ಎನ್. ಆಪರೇಷನ್ ಯೋಜಿಸಲು ನಮಗೆ ಅದೇ ಬೇಕು. ದಿಕ್ಕು ನೋಡಿ ಹೆಸರಿಡುವುದು 1963ರ ಕೆನಡಿ ವರ್ಗೀಕರಣ. ಕೋಡ್ ಪುಸ್ತಕ ಇನ್ನೂ ದಿಕ್ಕನ್ನೇ ಕೇಳುತ್ತದೆ ಎಂದು ಇವತ್ತೇ ತಿಳಿದದ್ದು.

ದಾಖಲೆ ಕೋಣೆ ಧಾರವಾಡ | ಮಂಗಳವಾರ, ರಾತ್ರಿ 8:45

ನಮಸ್ಕಾರ್ರೀ ಎಲ್ಲಾರ್ಗೂ. ನಾ ಆಸ್ಪತ್ರಿ ಎಂಆರ್‌ಡಿ (ದಾಖಲೆ ವಿಭಾಗ) ಒಳಗ ಕೆಲಸ ಮಾಡ್ತೀನಿ. ನಿಮ್ಮ ಏಳು ಅಕ್ಷರದ ಕೋಡ್ ನೋಡಿ ತಲಿ ತಿರಗ್ತು. ನಮ್ಮಲ್ಲಿ ವಿಶ್ವ ಆರೋಗ್ಯ ಸಂಸ್ಥೆದ್ದು ಐಸಿಡಿ-10 ಪುಸ್ತಕ. ಅದರಾಗ ಚಿಪ್ಪು ಜಾರಿದ್ರ ಎಸ್83.0, ಮಂಡಿ ಜಾರಿದ್ರ ಎಸ್83.1, ಅಷ್ಟ. ಎಡ ಇಲ್ಲ, ಬಲ ಇಲ್ಲ, ಮುಂದ ಹಿಂದ ಇಲ್ಲ. ಆದ್ರ ನಮ್ಮಲ್ಲೊಂದು ಎಸ್83.7 ಐತ್ರಿ, ಮಂಡಿಯೊಳಗ ಒಂದಕ್ಕಿಂತ ಹೆಚ್ಚು ಭಾಗಕ್ಕ ಗಾಯ ಆಗಿದ್ರ. ಮೆನಿಸ್ಕಸ್ (ಮಂಡಿ ನಡುವಿನ ಮೆತ್ತಿ) ಮತ್ತ ಲಿಗಮೆಂಟ್ ಕೂಡೇ ಹರದಿದ್ರ ಅದನ್ನ ಹಾಕ್ತೀವಿ. ನಿಮ್ಮ ಅಮೆರಿಕಾ ಪುಸ್ತಕದಾಗ ಐತೇನ್ರಿ ಅದು?

ನಾ ಈ ಮಾತಿಗೆ ಬಂದಿದ್ದಕ್ಕ ಕಾರಣ ಬ್ಯಾರೆ ಐತಿ. ನಮ್ಮ ಮನಿಯೊಳಗ ಆಗಿದ್ದು. ನನ್ನ ತಮ್ಮ ಊರ ಜಾತ್ರಿ ಕಬಡ್ಡಿಯೊಳಗ ಬಿದ್ದ, ಮ್ಯಾಲ ನಾಲ್ಕ ಮಂದಿ. ಮಂಡಿ ಪೂರ್ತಿ ಸರದಿತ್ತು. ಅಲ್ಲೇ ಯಾರೋ ಎಳದು ಕೂಡಿಸಿದ್ರು. ದೇವರ ದಯಾ, ರಕ್ತನಾಳಕ್ಕ ಏನೂ ಆಗಿರಲಿಲ್ಲ. ಬಾವು ಇಳಿದ ಮ್ಯಾಲ, ಮೂರು ತಿಂಗಳಿಗೆ ಬ್ಯಾರೆ ಆಸ್ಪತ್ರಿಯೊಳಗ ಲಿಗಮೆಂಟ್ ಆಪರೇಷನ್ ಆತು. ವಿಮಾ ಫಾರ್ಮಿನ ಬಿ ಭಾಗ, ಆಸ್ಪತ್ರಿ ತುಂಬೋದು, ಅದರಾಗ ಐಸಿಡಿ-10 ಕೋಡ್ ಬರಿಯೋ ಜಾಗ ಇರ್ತದಲ್ಲ, ಅಲ್ಲಿ ಎಂ23.5 ಅಂತ ಬರದ್ರು. ಮಂಡಿದು ಬಹುಕಾಲದ ಅಸ್ಥಿರತೆ. ಕ್ಲೇಮ್ ತಿರಸ್ಕಾರ ಆತು. ಪಾಲಿಸಿ ತಗೊಂಡು ಇನ್ನೂ ವರ್ಷ ಆಗಿರಲಿಲ್ಲ, ಇದು ಮೊದಲಿಂದ ಇದ್ದ ರೋಗ, ಕಾಯೋ ಅವಧಿ ಮುಗದಿಲ್ಲ ಅಂದ್ರು.

ಅವ್ವನ ಬಂಗಾರ ಇಟ್ಟು ಬಿಲ್ ಕಟ್ಟಿದ್ವಿ. ಕಾಗದಾ ಎಲ್ಲಾ ಹರವಿಕೊಂಡು ಕುಂತಾಗ ನನಗ ಆ ಎಂ ಅಕ್ಷರ ಕಣ್ಣಿಗೆ ಬಿತ್ತು. ದಿನಾ ಅದ ಕೆಲಸ ಮಾಡಾಂವ ನಾ, ಮನಿ ಕಾಗದದಾಗ ನೋಡೇ ಇರಲಿಲ್ಲ. ಮೊದಲನೇ ದಿನದ ಎಕ್ಸ್-ರೇ ಮತ್ತ ಚೀಟಿ ತಗೊಂಡು ಸರ್ಜನ್ ಕಡೆ ಹೋದೆ. ಇದು ಅದೇ ಜಾತ್ರಿ ದಿನದ ಗಾಯ, ಹಳೇ ರೋಗ ಅಲ್ಲ ಅಂತ ಅವರು ಬರದು ಕೊಟ್ರು, ಎಸ್ ಕೋಡ್ ಹಾಕಿ ಫಾರ್ಮ್ ತಿದ್ದಿಸಿದ್ವಿ. ರೊಕ್ಕ ಬಂತು, ಆದ್ರ ಏಳು ತಿಂಗಳ ಮ್ಯಾಲ. ಒಂದು ಅಕ್ಷರದ ಸಲುವಾಗಿ ಏಳು ತಿಂಗಳು ಬಡ್ಡಿ ಕಟ್ಟೀವ್ರಿ.

ನ್ಯೂಜೆರ್ಸಿ ಬಿಲ್ಲಿಂಗ್ | ಮಂಗಳವಾರ, ರಾತ್ರಿ 10:15

ಧಾರವಾಡದವರೇ, ಓದಿ ಮನಸ್ಸಿಗೆ ಬಹಳ ನೋವಾಯಿತು. ಇಲ್ಲೂ ಅದೇ ಎಸ್ ಮತ್ತು ಎಂ ಗಲಾಟೆ. ಹೊಸದಾಗಿ ಆದ ಗಾಯ ಹತ್ತೊಂಬತ್ತನೇ ಅಧ್ಯಾಯ, ಎಸ್. ಹಳೆಯದು, ಮರುಕಳಿಸುವುದು, ಹಿಂದಿನ ಗಾಯದಿಂದ ಉಳಿದದ್ದು ಸಾಮಾನ್ಯವಾಗಿ ಹದಿಮೂರನೇ ಅಧ್ಯಾಯ, ಎಂ. ಚಿಪ್ಪು ಪದೇ ಪದೇ ಜಾರುತ್ತಿದ್ದರೆ ಎಂ22.0, ಬಲಕ್ಕೆ ಎಂ22.01, ಎಡಕ್ಕೆ ಎಂ22.02. ಮಂಡಿಯೇ ಪದೇ ಪದೇ ಜಾರಿದರೆ ಎಂ24.46. ಎಸ್83ರ ತಲೆಯಲ್ಲೇ ಇವುಗಳನ್ನು ಜೊತೆಗೆ ಹಾಕಬೇಡಿ ಎಂದು ಎಕ್ಸ್‌ಕ್ಲೂಡ್ಸ್1 ಟಿಪ್ಪಣಿ ಇದೆ.

ಮೊನ್ನೆ ಭರತನಾಟ್ಯ ಕಲಿಯುವ ಹುಡುಗಿಯ ಚಾರ್ಟ್ ಬಂದಿತ್ತು. ಚಿಪ್ಪು ಮೂರನೇ ಸಲ ಜಾರಿದ್ದು, ವೈದ್ಯರು "ಮರುಕಳಿಸುವ" ಎಂದು ಸ್ಪಷ್ಟವಾಗಿ ಬರೆದಿದ್ದರು. ಕ್ಲಿನಿಕ್‌ನವರು ಎಸ್83.015ಎ ಕಳಿಸಿದ್ದರು. ತಿದ್ದಿಸಿದೆ.

ನಿಮ್ಮ ಪ್ರಶ್ನೆಗೆ ಉತ್ತರ: ಅಮೆರಿಕದ ಆವೃತ್ತಿಯಲ್ಲಿ ಎಸ್83.7 ಇಲ್ಲ. ಒಟ್ಟಿಗೆ ಹಿಡಿಯುವ ಕೋಡ್ ಇಲ್ಲದಿದ್ದರೆ ಪ್ರತಿ ಗಾಯಕ್ಕೂ ಪ್ರತ್ಯೇಕ ಕೋಡ್ ಎಂಬುದು ನಿಯಮ. ಆದ್ದರಿಂದ ಮೈಸೂರಿನವರು ಡಿಸ್‌ಲೊಕೇಶನ್ ಜೊತೆಗೆ ಎಸಿಎಲ್‌ಗೆ ಎಸ್83.512ಎ, ಪಿಸಿಎಲ್‌ಗೆ ಎಸ್83.522ಎ, ಹೊರಬದಿಯ ಕೊಲ್ಯಾಟರಲ್‌ಗೆ ಎಸ್83.422ಎ ಹಾಕಿದ್ದರೆ ಸರಿ. ಡಿಸ್‌ಲೊಕೇಶನ್‌ನಲ್ಲೇ ಲಿಗಮೆಂಟ್ ಸೇರಿತು ಎಂದು ಬಿಡುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗಮನಿಸಿ, ಹೊಸ ಕಲಿಕೆಯವರೇ: ಲಿಗಮೆಂಟ್ ಕೋಡ್‌ಗಳಲ್ಲಿ ಎಡ ಮತ್ತೆ 2.

ಹೊಸ ಕಲಿಕೆ | ಮಂಗಳವಾರ, ರಾತ್ರಿ 10:40

ಬರೆದುಕೊಂಡೆ. ಎಮರ್ಜೆನ್ಸಿಯಲ್ಲಿ ಡಾಕ್ಟರ್ "ಬಹುಶಃ ಮಂಡಿ ಜಾರಿ ತಾನಾಗಿ ಕೂತಿರಬೇಕು" ಎಂದು ಬರೆದು ಮನೆಗೆ ಕಳಿಸಿದರೆ ಎಸ್83.1 ಹಾಕಬಹುದಾ?

ನ್ಯೂಜೆರ್ಸಿ ಬಿಲ್ಲಿಂಗ್ | ಮಂಗಳವಾರ, ರಾತ್ರಿ 11:05

ಇಲ್ಲ. ಹೊರರೋಗಿಯ ಭೇಟಿಯಲ್ಲಿ ಬಹುಶಃ, ಶಂಕೆ, ಇರಬಹುದು ಎಂದು ಬರೆದದ್ದಕ್ಕೆ ಕೋಡ್ ಇಲ್ಲ. ಖಚಿತವಾಗಿ ಗೊತ್ತಿರುವುದನ್ನೇ ಹಾಕಬೇಕು: ಲಿಗಮೆಂಟ್ ಗಾಯವೆಂದು ಬರೆದಿದ್ದರೆ ಅದು, ಏನೂ ಇಲ್ಲದಿದ್ದರೆ ಮಂಡಿನೋವು, ಎಡಕ್ಕೆ ಎಂ25.562. ಒಳರೋಗಿಯಾಗಿದ್ದು ಡಿಸ್ಚಾರ್ಜ್ ಹೊತ್ತಿಗೂ "ಬಹುಶಃ" ಎಂದೇ ಉಳಿದಿದ್ದರೆ ಮಾತ್ರ ಆಸ್ಪತ್ರೆ ಅದನ್ನು ಇದೆ ಎಂದೇ ಕೋಡ್ ಮಾಡಬಹುದು. ಒಂದೇ ವಾಕ್ಯ, ಎರಡು ಜಾಗದಲ್ಲಿ ಎರಡು ಲೆಕ್ಕ.

ರಾತ್ರಿಪಾಳಿ ಮೈಸೂರು | ಬುಧವಾರ, ಬೆಳಗಿನ ಜಾವ 1:30

ಊಟದ ವಿರಾಮದಲ್ಲಿ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿದೆ. ದಿಕ್ಕಿನ ತಪ್ಪು ಅರ್ಥವಾಯಿತು. ಉಳಿದ ಎರಡು? ಅಪಧಮನಿ ಕೊನೆಯಲ್ಲಿ ಹಾಕಿದ್ದೇ ತಪ್ಪಾ? ಮಂಡಿ ಜಾರಿದ್ದರಿಂದಲೇ ತಾನೇ ಅಪಧಮನಿ ಸೀಳಿದ್ದು, ಮೂಲ ಗಾಯ ಮೊದಲು ಬರಬೇಕು ಎಂದು ಓದಿದ್ದೆ.

ಹಳೇ ಕೋಡರ್ | ಬುಧವಾರ, ಬೆಳಿಗ್ಗೆ 8:50

ಓದಿದ್ದು ಸರಿ, ಅರ್ಧ ಓದಿದ್ದೀರಿ. ಮಾರ್ಗಸೂಚಿ ಹೇಳುವುದು ಹೀಗೆ: ಮೂಲ ಗಾಯದಿಂದ ನರಕ್ಕೋ ರಕ್ತನಾಳಕ್ಕೋ *ಸಣ್ಣಪುಟ್ಟ* ಹಾನಿಯಾಗಿದ್ದರೆ ಮೂಲ ಗಾಯ ಮೊದಲು. ಮುಖ್ಯ ಗಾಯವೇ ರಕ್ತನಾಳದ್ದಾಗಿದ್ದರೆ ಅದು ಮೊದಲು. ಜೊತೆಗೆ ಇನ್ನೊಂದು ಮಾತಿದೆ, ಅತ್ಯಂತ ಗಂಭೀರ ಗಾಯ ಯಾವುದು, ಚಿಕಿತ್ಸೆಯ ಗಮನ ಯಾವುದರ ಮೇಲಿತ್ತು ಎಂದು ವೈದ್ಯರು ತೀರ್ಮಾನಿಸಿದ್ದೇ ಮೊದಲ ಸ್ಥಾನಕ್ಕೆ. ಈ ದಾಖಲಾತಿಯಲ್ಲಿ ಮಂಡಿಯನ್ನು ಕೂರಿಸಿದ್ದು ಬೇರೆಲ್ಲೋ. ಇಲ್ಲಿ ಮಾಡಿದ್ದು ಗ್ರಾಫ್ಟ್ ಹಾಕಿ ಕಾಲಿಗೆ ರಕ್ತ ಮರಳಿಸಿದ್ದು. ಆದ್ದರಿಂದ ಪಾಪ್ಲಿಟಿಯಲ್ ಅಪಧಮನಿಯ ಎಸ್85.092ಎ ಮೊದಲು. ಒಳಪದರದ ಸೀಳು ಎಂದು ನಿರ್ದಿಷ್ಟವಾಗಿ ಬರೆದಿದ್ದಾರೆ, ಅದಕ್ಕೇ ಎಸ್85.00ದ ಅನಿರ್ದಿಷ್ಟ ಕೋಡ್ ಬೇಡ.

ಮೂರನೆಯದು ಟಿ79.ಎ22ಎ. ಆಪರೇಷನ್ ನೋಟ್ ಇನ್ನೊಮ್ಮೆ ಓದಿ. ಫ್ಯಾಶಿಯಾಟಮಿ ಮುನ್ನೆಚ್ಚರಿಕೆಗೆ ಮಾಡಿದ್ದು ಎಂದಿದೆಯಾ?

ರಾತ್ರಿಪಾಳಿ ಮೈಸೂರು | ಬುಧವಾರ, ಬೆಳಿಗ್ಗೆ 9:20

ಇದೆ. "ಮುನ್ನೆಚ್ಚರಿಕೆಯ ನಾಲ್ಕು ಕಂಪಾರ್ಟ್‌ಮೆಂಟ್ ಫ್ಯಾಶಿಯಾಟಮಿ" ಎಂದೇ ಇದೆ. ಶೀರ್ಷಿಕೆ ಓದಿ ಮುಂದೆ ಹೋಗಿದ್ದೆ.

ಮೂಳೆ ಡಾಕ್ಟರ್ | ಬುಧವಾರ, ಬೆಳಿಗ್ಗೆ 10:00

ಹೌದು, ಗಂಟೆಗಟ್ಟಲೆ ರಕ್ತ ನಿಂತಿದ್ದ ಕಾಲಿಗೆ ಮತ್ತೆ ರಕ್ತ ಹರಿದಾಗ ಸ್ನಾಯುಗಳು ಊದುತ್ತವೆ. ಊದಿ ಒತ್ತಡ ಏರುವ ಮೊದಲೇ ಹೊದಿಕೆ ಬಿಡಿಸಿಡುತ್ತೇವೆ. ರೋಗ ಬಂದಿದೆ ಎಂದಲ್ಲ, ಬರದಿರಲಿ ಎಂದು. ಬರದ ರೋಗವನ್ನು ಆತನ ಕಡತದಲ್ಲಿ ಶಾಶ್ವತವಾಗಿ ಬರೆಯಬೇಡಿ.

ಫಿಸಿಯೋ ಉಡುಪಿ | ಬುಧವಾರ, ಮಧ್ಯಾಹ್ನ 12:15

ಏಳನೇ ಅಕ್ಷರದ ಬಗ್ಗೆ ಯಾರೂ ಮಾತಾಡಲಿಲ್ಲ ಮಾರಾಯ್ರೆ. ನಾನು ಕೆಲವು ವರ್ಷ ಹೊರದೇಶದಲ್ಲಿ ಇಂಥ ರೋಗಿಗಳಿಗೆ ವ್ಯಾಯಾಮ ಮಾಡಿಸಿದ್ದೇನೆ. ಎ ಅಂದರೆ ಮೊದಲ ಭೇಟಿ ಎಂದು ತುಂಬ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಸಕ್ರಿಯ ಚಿಕಿತ್ಸೆ ನಡೆಯುವವರೆಗೂ ಎ. ಅದೇ ರೋಗಿ ಆರು ವಾರದ ಮೇಲೆ ಲಿಗಮೆಂಟ್ ಕಟ್ಟಿಸಿಕೊಳ್ಳಲು ಬಂದರೂ, ಬೇರೆ ಡಾಕ್ಟರ್ ಆದರೂ ಎ. ವ್ಯಾಯಾಮಕ್ಕೆ ನಮ್ಮ ಬಳಿ ಬಂದಾಗ ಡಿ. ಆಗ ಅದೇ ಗಾಯದ ಕೋಡ್‌ಗೇ ಡಿ ಹಾಕಬೇಕು, ಆಫ್ಟರ್‌ಕೇರ್‌ನ ಝಡ್ ಕೋಡ್ ಗಾಯಗಳಿಗೆ ಬಳಸುವಂತಿಲ್ಲ.

ಏಳನೇ ಅಕ್ಷರವಾಗಿ ಎಸ್ ಬರುವುದು ಗಾಯ ವಾಸಿಯಾಗಿ ಅದರ ಪರಿಣಾಮ ಉಳಿದಾಗ. ನನ್ನಲ್ಲಿಗೆ ಬರುತ್ತಿದ್ದ ಒಬ್ಬರಿಗೆ ಪೆರೋನಿಯಲ್ ನರ ಕೊನೆಗೂ ಚೇತರಿಸಲಿಲ್ಲ. ಚಪ್ಪಲಿ ಎಡಗಾಲಿನಿಂದ ಕಳಚಿ ಬೀಳುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡುತ್ತಿದ್ದರು. ಪ್ರತಿ ಹೆಜ್ಜೆಗೂ ಮಂಡಿ ಎತ್ತರಕ್ಕೆ ಎತ್ತಿ ಇಡಬೇಕಿತ್ತು, ಬೆರಳು ನೆಲಕ್ಕೆ ತಾಗಬಾರದೆಂದು. ಅಂಥವರಿಗೆ ಮೊದಲು ಈಗಿರುವ ತೊಂದರೆ, ಎಡ ಪಾದ ಜೋತುಬಿದ್ದದ್ದಕ್ಕೆ ಎಂ21.372, ಆಮೇಲೆ ಅದಕ್ಕೆ ಕಾರಣವಾದ ನರದ ಗಾಯ ಎಸ್84.12ಎಕ್ಸ್‌ಎಸ್. ಕ್ರಮ ಅದಲುಬದಲಾಗಿ ಬ್ರೇಸ್‌ನ ಅನುಮತಿ ನಿಂತದ್ದನ್ನು ನಾನು ನೋಡಿದ್ದೇನೆ.

ಬೆಂಗಳೂರಿನ ಮಗಳು | ಬುಧವಾರ, ಮಧ್ಯಾಹ್ನ 1:50

ಕೋಡರ್ ಅಲ್ಲ, ಅಮ್ಮನಿಗಾಗಿ ಹುಡುಕುತ್ತಾ ಇಲ್ಲಿಗೆ ಬಂದೆ. ಅಮ್ಮ ಅಮೆರಿಕದಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಮಂಡಿ ಬದಲಿಸಿ ಮೂರು ವರ್ಷವಾಗಿತ್ತು, ಬಾತ್‌ರೂಮಿನಲ್ಲಿ ಜಾರಿ ಆ ಬದಲಿ ಮಂಡಿಯೇ ತಪ್ಪಿದೆ. ಪೇಪರ್‌ನಲ್ಲಿ ಟಿ84.022ಎ ಎಂದಿದೆ, ಎಸ್83 ಇಲ್ಲ. ತಪ್ಪಾಗಿದೆಯಾ?

ಹಳೇ ಕೋಡರ್ | ಬುಧವಾರ, ಮಧ್ಯಾಹ್ನ 2:10

ತಪ್ಪಿಲ್ಲಮ್ಮ. ಟಿ84.022 ಬಲಗಾಲಿನ ಕೃತಕ ಮಂಡಿ ಅಸ್ಥಿರವಾಗಿದೆ ಎಂಬುದಕ್ಕೆ, ಎಡಕ್ಕೆ ಟಿ84.023. ಬದಲಿ ಮಂಡಿಯ ತೊಂದರೆಗೆ ಬೇರೆಯೇ ಮನೆ ಇದೆ. ಬಲಗಾಲೇ ತಾನೇ? ಅಷ್ಟು ನೋಡಿಕೊಳ್ಳಿ. ಅಮ್ಮ ಬೇಗ ಎದ್ದು ಓಡಾಡಲಿ.

ಬೆಂಗಳೂರಿನ ಮಗಳು | ಬುಧವಾರ, ಮಧ್ಯಾಹ್ನ 2:15

ಬಲಗಾಲೇ. ತುಂಬಾ ಧನ್ಯವಾದ.

ಹಳೇ ಕೋಡರ್ | ಬುಧವಾರ, ಸಂಜೆ 6:30

ಮೈಸೂರಿನವರೇ, ಕ್ವೆರಿ ಬರೆಯುವಾಗ ಒಂದು ಎಚ್ಚರ. "ಇದು ಹಿಂಬದಿಯ ಡಿಸ್‌ಲೊಕೇಶನ್ ಅಲ್ಲವೇ, ದಯವಿಟ್ಟು ಬರೆಯಿರಿ" ಎಂದು ಕೇಳಬೇಡಿ. ಅದು ಉತ್ತರವನ್ನು ಬಾಯಿಗೆ ಇಟ್ಟು ಕೇಳಿದ ಹಾಗೆ. ಚಾರ್ಟ್‌ನಲ್ಲಿ ಏನಿದೆ ಅದನ್ನು ತಾರೀಖಿನ ಸಮೇತ ಮುಂದಿಡಿ. ಆಮೇಲೆ ಮುಂದಕ್ಕೆ, ಹಿಂದಕ್ಕೆ, ಒಳಬದಿಗೆ, ಹೊರಬದಿಗೆ, ಇತರೆ, ನಿರ್ಧರಿಸಲು ಆಗದು, ಇಷ್ಟೂ ಆಯ್ಕೆ ಕೊಡಿ. ಹಣದ ಮಾತು, ಯಾವ ಕೋಡಿಗೆ ಎಷ್ಟು ಎಂಬ ಮಾತು ಅಲ್ಲಿ ಸುಳಿಯಲೇಬಾರದು.

ನಾನು ಈ ಕೆಲಸಕ್ಕೆ ಬಂದಾಗ ಐಸಿಡಿ-9 ಇತ್ತು. ಮುಚ್ಚಿದ ಡಿಸ್‌ಲೊಕೇಶನ್ 836.5, ಚರ್ಮ ಸೀಳಿ ಹೊರಬಂದದ್ದು 836.6. 2015ರ ಅಕ್ಟೋಬರ್ 1ಕ್ಕೆ ಐಸಿಡಿ-10-ಸಿಎಂ ಬಂದಾಗ ಆ ವ್ಯತ್ಯಾಸವೇ ಕೋಡ್‌ನೊಳಗಿಂದ ಹೊರಗೆ ಹೋಯಿತು. ಈಗ ತೆರೆದ ಗಾಯವಿದ್ದರೆ ಎಸ್81.0 ಗುಂಪಿನಿಂದ ಇನ್ನೊಂದು ಕೋಡ್ ಸೇರಿಸಬೇಕು. ಆಗ ಎಡ ಬಲ ಇರಲಿಲ್ಲ. ಎಡಗಾಲಿಗೆ ಚಿಕಿತ್ಸೆ ಆದವರು ಮತ್ತೆ ಬಲಗಾಲಿಗೆ ಬಂದರೆ ಅದೇ ಬಿಲ್ ಎರಡು ಸಲ ಬಂತೆಂದು ತಿರಸ್ಕರಿಸುತ್ತಿದ್ದರು. ಫೋನಿನಲ್ಲಿ ಅವರಿಗೆ ಎರಡು ಕಾಲಿದೆ ಎಂದು ವಿವರಿಸಿದ್ದೇನೆ ನಾನು. ಏಳು ಅಕ್ಷರ ಹೆಚ್ಚಾಯಿತು ಎಂದು ಯಾರಾದರೂ ಬೇಸರಪಟ್ಟರೆ ನನಗೆ ಆ ದಿನಗಳು ನೆನಪಾಗುತ್ತವೆ.

ರಾತ್ರಿಪಾಳಿ ಮೈಸೂರು | ಶುಕ್ರವಾರ, ಬೆಳಗಿನ ಜಾವ 3:45

ಸರ್ಜನ್ ಉತ್ತರ ಬಂತು. ನಾಲ್ಕೇ ಸಾಲು. ಮೊದಲ ಆಸ್ಪತ್ರೆಯ ಚಿತ್ರಗಳನ್ನು ತಾವೇ ತೆರೆದು ನೋಡಿದ್ದಾರೆ, ಎಡ ಟಿಬಿಯಾ ಹಿಂದಕ್ಕೆ ಸರಿದ ಡಿಸ್‌ಲೊಕೇಶನ್ ಎಂದು ಅಡೆಂಡಮ್ (ಹೆಚ್ಚುವರಿ ಟಿಪ್ಪಣಿ) ಸೇರಿಸಿದ್ದಾರೆ. ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಲಿಲ್ಲ ಎಂದೂ ಕೇಳದೆಯೇ ಬರೆದಿದ್ದಾರೆ.

ಈಗ ಹಾಕಿದ್ದು: ಮೊದಲು ಎಸ್85.092ಎ. ಆಮೇಲೆ ಎಸ್83.125ಎ, ಎಸ್83.512ಎ, ಎಸ್83.522ಎ, ಎಸ್83.422ಎ, ನರಕ್ಕೆ ಎಸ್84.12ಎಕ್ಸ್‌ಎ, ಕೊನೆಗೆ ಬೈಕ್ ಅಪಘಾತದ ವಿ ಕೋಡ್. ಟಿ79 ತೆಗೆದೆ. ಆಡಿಟರ್ ಒಪ್ಪಿದ್ದಾರೆ.

ಅಡೆಂಡಮ್ ಬಂದ ಮೇಲೆ ಡಿಸ್ಚಾರ್ಜ್ ಸಮರಿಯನ್ನು ಮತ್ತೆ ಪೂರ್ತಿ ಓದಿದೆ, ಮೊದಲ ಸಲಕ್ಕಿಂತ ನಿಧಾನವಾಗಿ. ಹತ್ತನೇ ದಿನ ಪಾದದ ನಾಡಿ ಎರಡೂ ಕಡೆ ಸಮವಾಗಿ ಸಿಗುತ್ತಿದೆ ಎಂದು ಬರೆದಿದ್ದರು. ಕಾಲು ಉಳಿದಿದೆ.

ಮೂಳೆ ಡಾಕ್ಟರ್ | ಶುಕ್ರವಾರ, ಬೆಳಿಗ್ಗೆ 8:15

ಸಂತೋಷವಾಯಿತು. ಈ ಚರ್ಚೆ ಓದಿದ ಮೇಲೆ ನಮ್ಮ ಯೂನಿಟ್‌ನ ಡಿಸ್ಚಾರ್ಜ್ ಸಮರಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ಪಿಜಿ ವೈದ್ಯರು ತುಂಬಲೇಬೇಕು: ಮಂಡಿಯೋ ಚಿಪ್ಪೋ, ಎಡವೋ ಬಲವೋ, ಟಿಬಿಯಾ ಯಾವ ಕಡೆಗೆ, ಎಲ್ಲಿ ಯಾರು ಕೂರಿಸಿದರು, ಮೊದಲ ಸಲವೋ ಮರುಕಳಿಸಿದ್ದೋ. ಇನ್ನೇನಾದರೂ ಬೇಕಾ?

ದಾಖಲೆ ಕೋಣೆ ಧಾರವಾಡ | ಶುಕ್ರವಾರ, ಬೆಳಿಗ್ಗೆ 9:40

ಗಾಯ ಆದ ತಾರೀಖು ಸೇರಸ್ರೀ ಡಾಕ್ಟರ್. ಆಪರೇಷನ್ ತಾರೀಖು ಎಲ್ಲಾರೂ ಬರೀತಾರ, ಬಿದ್ದ ದಿನ ಯಾರೂ ಬರಿಯಂಗಿಲ್ಲ. ನನ್ನ ತಮ್ಮನ ಕಾಗದದಾಗ ಅದೊಂದು ಇದ್ದಿದ್ರ ಸಾಕಿತ್ತು.

ಮೂಳೆ ಡಾಕ್ಟರ್ | ಶುಕ್ರವಾರ, ಬೆಳಿಗ್ಗೆ 9:55

ಸೇರಿಸಿದೆ. ಮೊದಲ ಕಾಲಮ್‌ನಲ್ಲೇ ಹಾಕಿದ್ದೇನೆ.